ಬೋರ್ಡಪ್ಪನ ಬಹುದು-ಬಾರದು

ಬೋರ್ಡಪ್ಪನ ಕೈಬರಹವನ್ನು ನೋಡಿದವರು ಮುತ್ತು ಪೋಣಿಸಿದಂತಿದೆ ಎನ್ನುತ್ತಿದ್ದರು. ಓದಿದವರು ಬೇರೆ ಏನೋ ಎನ್ನುತ್ತಿದ್ದರು. ಮೂವತ್ತೆಂಟು ವರ್ಷ ಏಣಿಯ ಮೇಲೆ ನಿಂತು ಊರಿನ ಅಂಗಡಿ, ಹೋಟೆಲು, ಆಸ್ಪತ್ರೆಗಳ ಹಣೆಬರಹ ಬರೆದ ಮನುಷ್ಯ ಅವನು. ಹಲ್ಲಿನ ಡಾಕ್ಟರು 'ನೋವಿಲ್ಲದೆ ಹಲ್ಲು ಕೀಳಲಾಗುವುದು' ಎಂದು ಬರೆಯಲು ಹೇಳಿದ್ದರು. ಇವನು 'ನಾವಿಲ್ಲದೆ ಹಲ್ಲು ಕೀಳಲಾಗುವುದು' ಎಂದು ಬರೆದ. ಲಾಂಡ್ರಿಯವನಿಗೆ 'ಶುಚಿಯಾಗಿ ಒಗೆಯಲಾಗುವುದು' ಬೇಕಿತ್ತು. ಇವನು ನಡುವಿನ ಒಂದಕ್ಷರವನ್ನೂ ಒಂದು ಕೊಂಬನ್ನೂ ನುಂಗಿ 'ಶುಚಿಯಾಗಿ ಒಗೆಯಲಾಗದು' ಎಂದು ಮುಗಿಸಿ ಇಳಿದ. ಇಂಥ ಸತ್ಯವಂತ ಲಾಂಡ್ರಿಯವನನ್ನು ನೋಡಬೇಕೆಂದು ಪಕ್ಕದ ಊರುಗಳಿಂದ ಜನ ಬಂದರಂತೆ. 'ಅಕ್ಷರ ಮುತ್ತು, ಅರ್ಥಕ್ಕೆ ಕುತ್ತು' ಎಂದು ಅವನ ಹೆಂಡತಿಯೇ ಹೇಳುತ್ತಿದ್ದಳು.

ಇಂಥ ಬೋರ್ಡಪ್ಪನ ತಾಯಿಗೆ ಬರುವ ಭಾನುವಾರ ಎಂಬತ್ತು ತುಂಬುವುದಿತ್ತು. ಮುದುಕಿ ಸೀರೆ ಬೇಡ, ಉಂಗುರ ಬೇಡ, ಹಾರ ಬೇಡ ಎಂದಳು. "ಒಂದು ಒಳ್ಳೆ ಹೋಟೆಲ್ಲು, ಒಂದೇ ಮೇಜು. ಎಲ್ಲರೂ ಕೂತು ಊಟ ಮಾಡ್ಬೇಕು. ಯಾರೂ ನಡುವೆ ಏಳಬಾರದು. ಅಷ್ಟೇ ನನಗೆ ಬೇಕಾಗಿರೋದು," ಎಂದಳು.

ಕೇಳಲು ಸುಲಭವಾಗಿತ್ತು. ಆದರೆ ಆ ಮೇಜಿಗೆ ಬೋರ್ಡಪ್ಪನ ಮಗಳ ಒಂಬತ್ತು ತಿಂಗಳ ಕೂಸೂ ಬರಬೇಕಿತ್ತು. ಮನೆಯಲ್ಲಿ ಅದಕ್ಕೆ 'ಸೈರನ್ನು' ಎಂದು ಹೆಸರು. ಅದು ಅತ್ತರೆ ಎದುರು ಬೀದಿಯ ಕಾರ್ಖಾನೆಯವರು ಪಾಳಿ ಮುಗಿಯಿತೆಂದು ಬುತ್ತಿ ಡಬ್ಬಿ ಹಿಡಿದು ಹೊರಬರುತ್ತಿದ್ದರು. ಮೂರು ತಿಂಗಳ ಹಿಂದೆ ಅಳಿಯನ ಹುಟ್ಟುಹಬ್ಬಕ್ಕೆ ಎಲ್ಲರೂ ಹೋಟೆಲಿಗೆ ಹೋಗಿದ್ದಾಗ, ಮೊದಲ ತುತ್ತಿಗೇ ಸೈರನ್ನು ಮೊಳಗಿ, ಹದಿನೆಂಟು ಮೇಜುಗಳ ತಲೆಗಳು ಒಟ್ಟಿಗೆ ತಿರುಗಿದ್ದವು. ಮಗಳು ಕೂಸನ್ನೆತ್ತಿಕೊಂಡು ಹೊರಗಿನ ಮೆಟ್ಟಿಲಿಗೆ ಹೋದವಳು ಅಲ್ಲೇ ಉಳಿದಳು. ಅಳಿಯ ಒಳ್ಳೆಯವನು, "ನಾನು ಎತ್ಕೊಳ್ಳಲಾ?" ಎಂದು ಕೂತಲ್ಲಿಂದಲೇ ಕೇಳಿದ. ಆ 'ಲಾ' ಮುಗಿಯುವಷ್ಟರಲ್ಲಿ ಅವನ ಊಟ ಮುಗಿದಿತ್ತು. ಮಗಳ ತಟ್ಟೆ ಪೊಟ್ಟಣವಾಗಿ ಮನೆಗೆ ಬಂತು.

ಆದ್ದರಿಂದ ಅಜ್ಜಿಯ ಆಸೆಯನ್ನು ಬೋರ್ಡಪ್ಪ ಫೋನಿನಲ್ಲಿ ಹೇಳಿದಾಗ ಮಗಳು ಹೂಂ ಎನ್ನಲಿಲ್ಲ.

"ಅಪ್ಪಾ, ನಾನು ಬಿಸಿ ಊಟ ಮಾಡಿ ಒಂಬತ್ತು ತಿಂಗಳಾಯ್ತು," ಎಂದಳು. "ಕೋಪ ಅಲ್ಲ. ಆದ್ರೆ ಈ ಸಲಾನೂ ಮೆಟ್ಟಿಲ ಮೇಲೇ ಕೂತ್ಕೋಬೇಕು ಅಂದ್ರೆ ನಾನು ಬರಲ್ಲ. ನಮ್ಮನೇಲೂ ಮೆಟ್ಟಿಲಿದೆ. ಅಜ್ಜಿಗೆ ಫೋನಲ್ಲೇ ಶುಭಾಶಯ ಹೇಳ್ತೀನಿ."

"ಏಯ್, ಈ ಊರಿನ ಒಂದೊಂದು ಹೋಟೆಲಿನ ಬೋರ್ಡನ್ನೂ ನಾನೇ ಬರೆದಿರೋದು. ಮಕ್ಕಳಿಗೆ ಎಲ್ಲಿ ಚೆನ್ನಾಗಿರುತ್ತೆ ಅಂತ ನನಗೆ ಗೊತ್ತಿಲ್ವಾ? ನೀನು ಕೂತು, ಬಿಸಿಬಿಸಿಯಾಗಿ, ಕೊನೇ ತುತ್ತಿನ ತನಕ ತಿನ್ನೋ ಜವಾಬ್ದಾರಿ ನಂದು," ಎಂದು ಬೋರ್ಡಪ್ಪ ಕೊಚ್ಚಿಕೊಂಡ.

ಮರುದಿನವೇ ಹುಡುಕಾಟ ಶುರು. ಮೊದಲು ಹೋಗಿದ್ದು ಬಸ್ ನಿಲ್ದಾಣದ ಎದುರಿನ ದೊಡ್ಡ ಹೋಟೆಲಿಗೆ. 'ಪುಟ್ಟ ಅತಿಥಿಗಳಿಗೆ ವಿಶೇಷ ಸೌಲಭ್ಯ' ಎಂದು ಮೂರಡಿ ಅಕ್ಷರದಲ್ಲಿ ಬರೆದವನು ಅವನೇ. ವಿಶೇಷ ಸೌಲಭ್ಯ ತೋರಿಸಿ ಎಂದು ಮ್ಯಾನೇಜರನ್ನು ಕೇಳಿದ. ಮ್ಯಾನೇಜರು ಮೂಲೆಗೆ ಕರೆದೊಯ್ದು ಮಗುವಿನ ಎತ್ತರದ ಕುರ್ಚಿಯೊಂದನ್ನು ತೋರಿಸಿದ. ಅದರ ಮೇಲೆ ಕುಡಿಯುವ ನೀರಿನ ಡ್ರಮ್ಮು ರಾಜಗಾಂಭೀರ್ಯದಿಂದ ಕೂತಿತ್ತು.

"ಮಗು ಬಂದಾಗ ಡ್ರಮ್ ಇಳಿಸ್ತೀವಿ ಸಾರ್."

"ಇಳಿಸೋಕೆ ಎಷ್ಟು ಜನ ಬೇಕಪ್ಪಾ?"

"ನಾಲ್ಕು ಜನ ಸಾರ್. ಭಾನುವಾರ ಮಾತ್ರ ಇಬ್ಬರೇ ಇರೋದು."

ಎರಡನೆಯದು ಗಾಜಿನ ಬಾಗಿಲಿನ ಹೋಟೆಲು. ಅಲ್ಲಿ ಮೌನ ಎಷ್ಟಿತ್ತೆಂದರೆ ಯಾರೋ ಸಕ್ಕರೆ ಕದಡಿದ್ದು ದಂಗೆ ಎದ್ದಂತೆ ಕೇಳಿಸಿತು. ಕೋಟು ತೊಟ್ಟವನೊಬ್ಬ ಬಂದು ಕಿವಿಯ ಹತ್ತಿರ ಪಿಸುಗುಟ್ಟಿದ: "ಮಕ್ಕಳಿಗೆ ಖಂಡಿತ ಸ್ವಾಗತ ಸಾರ್. ಅವರ ಸದ್ದಿಗೆ ಮಾತ್ರ ಜಾಗ ಇಲ್ಲ."

"ಸದ್ದನ್ನ ಮನೇಲಿ ಬಿಟ್ಟು ಬರೋಕಾಗುತ್ತೇನಪ್ಪಾ?"

"ಕೆಲವರು ಮಲಗಿಸಿಕೊಂಡು ಬರ್ತಾರೆ ಸಾರ್. ಎಚ್ಚರ ಆದ ತಕ್ಷಣ ನಾವು ಬಿಲ್ಲು ತಂದುಬಿಡ್ತೀವಿ."

ಇನ್ನೊಂದು ಕಡೆ ಆಟದ ಅಂಗಳವೆಂದು ಗ್ಯಾಸ್ ಸಿಲಿಂಡರುಗಳ ಪಕ್ಕದಲ್ಲಿ ತಲೆಯಿಲ್ಲದ ಪ್ಲಾಸ್ಟಿಕ್ ಕುದುರೆಯನ್ನು ನಿಲ್ಲಿಸಿದ್ದರು. ತಲೆ ಎಲ್ಲಿ ಎಂದು ಕೇಳಿದ್ದಕ್ಕೆ ಸಪ್ಲಯರ್ ತಣ್ಣಗೆ, "ಹೋದ ವಾರ ಒಂದು ಮಗು ತಿಂದುಬಿಡ್ತು ಸಾರ್. ನಮ್ಮ ಅಡುಗೆ ತಡ ಆಗಿತ್ತು," ಎಂದ. ಹೀಗೆ ಗುರುವಾರ ಸಂಜೆಯ ಹೊತ್ತಿಗೆ ಬೋರ್ಡಪ್ಪ ಹನ್ನೊಂದು ಹೋಟೆಲುಗಳ ಮೆಟ್ಟಿಲು ಹತ್ತಿ ಇಳಿದಿದ್ದ. ಎಲ್ಲ ಕಡೆಯೂ ಬಾಗಿಲ ಮೇಲೆ ಸ್ವಾಗತ, ಅದೂ ತನ್ನದೇ ಕೈಬರಹದಲ್ಲಿ. ಜೀವನದಲ್ಲಿ ಮೊದಲ ಬಾರಿಗೆ, ತಾನು ತಪ್ಪಿಲ್ಲದೆ ಬರೆದ ಬೋರ್ಡುಗಳೂ ಸುಳ್ಳೇ ಎಂದು ಅವನಿಗೆ ಹೊಳೆಯಿತು.

ಮನೆಗೆ ಬಂದು ಕಾಲು ಚಾಚಿ ಕೂತವನಿಗೆ ಹೆಂಡತಿ ನೀರು ಕೊಟ್ಟಳು. ನೀರಿನ ಜೊತೆ ಮಾತೂ ಕೊಟ್ಟಳು.

"ಊರೆಲ್ಲಾ ಸುತ್ತಿದ್ರಿ. ಆ ಒಂದು ಓಣಿ ಬಿಟ್ಟು."

"ಯಾವ ಓಣಿ?"

"ಗೊತ್ತಿಲ್ದೋರ ಥರ ಆಡ್ಬೇಡಿ ರೀ. ಅಂಚೆ ಕಚೇರಿ ಹಿಂದಿನ ಓಣಿ. ಮಕ್ಕಳ ಹೋಟೆಲ್ಲು. ಊರಿನ ಬಾಣಂತಿಯರೆಲ್ಲಾ ಅಲ್ಲಿಗೇ ಹೋಗೋದು."

ಬೋರ್ಡಪ್ಪ ಲೋಟವನ್ನು ಕೆಳಗಿಟ್ಟ. ಆ ಓಣಿಗೆ ಅವನು ಹನ್ನೊಂದು ವರ್ಷದಿಂದ ಕಾಲಿಟ್ಟಿರಲಿಲ್ಲ. ಅಂಚೆ ಕಚೇರಿಯಲ್ಲಿ ಕೆಲಸವಿದ್ದರೆ ಊರಿಗೆ ಒಂದು ಪ್ರದಕ್ಷಿಣೆ ಹಾಕಿ ಇನ್ನೊಂದು ಕಡೆಯಿಂದ ಹೋಗುತ್ತಿದ್ದ.

ಆ ಹೋಟೆಲಿನ ಮಾಲೀಕನನ್ನು ಊರಿನವರು 'ಶ್ ಸಾಹುಕಾರ' ಎನ್ನುತ್ತಿದ್ದರು. ಸದ್ದು ಎಂದರೆ ಅವನಿಗೆ ಆಗದು. ಒಲೆಯ ಮೇಲೆ ಹಾಲು ಉಕ್ಕಿದರೆ ಹಾಲಿಗೂ "ಶ್!" ಎನ್ನುತ್ತಿದ್ದ, ಹಾಲು ಹೆದರಿ ಇಳಿಯುತ್ತಿತ್ತಂತೆ. ಹೋಟೆಲು ತೆರೆಯುವ ಮುನ್ನ ಅವನು ಬೋರ್ಡಪ್ಪನಿಗೆ ಒಂದೇ ಒಂದು ಸಾಲು ಬರೆಯಲು ಹೇಳಿದ್ದ: 'ಮಕ್ಕಳನ್ನು ಕರೆತರಬಾರದು.' ಬೋರ್ಡಪ್ಪ 'ಮಕ್ಕಳನ್ನು ಕರೆತರಬಹುದು' ಎಂದು ಬರೆದು, ಏಣಿ ಹೆಗಲಿಗೇರಿಸಿ ಮನೆಗೆ ಹೋದ. ಅಂದು ಬಿಸಿಲು ಜೋರಾಗಿತ್ತು ಎಂಬುದು ಅವನ ಸಮಜಾಯಿಷಿ. ತಲೆ ಎಂದಿನಂತೆಯೇ ಇತ್ತು ಎಂಬುದು ಹೆಂಡತಿಯದು.

ಮರುದಿನ ಬೆಳಗ್ಗೆ ಸಾಹುಕಾರ ಬಾಗಿಲು ತೆರೆದಾಗ ಎದುರಿಗೆ ಹದಿನಾರು ತಳ್ಳುಗಾಡಿಗಳು ಸಾಲಾಗಿ ನಿಂತಿದ್ದವು. ಅವನು ಬೋರ್ಡು ಓದುವಷ್ಟರಲ್ಲಿ ಗಲ್ಲಾ ಪೆಟ್ಟಿಗೆ ತುಂಬಿತ್ತು. 'ತಪ್ಪು ಮಾಡಿದವನೇ ಬಂದು ತಿದ್ದಬೇಕು, ಬೇರೆಯವರ ಬ್ರಶ್ಶು ಇದಕ್ಕೆ ತಾಗಕೂಡದು' ಎಂದು ಅವನು ಶಪಥ ಮಾಡಿದ. ಆ ಶಪಥದ ಮೇಲೆ ಹನ್ನೊಂದು ವರ್ಷ ಕೂತ. ಕೂತಲ್ಲಿಂದಲೇ ಹೋಟೆಲನ್ನು ಎರಡು ಸಲ ವಿಸ್ತರಿಸಿದ. ಅಳು ಕೇಳಲಾರದೆ ಮಗುವಿನ ಕುರ್ಚಿ ಇಪ್ಪತ್ತು ತರಿಸಿದ. ಕಿರುಚಾಟ ತಾಳಲಾರದೆ ಹಾಲು ಕುಡಿಸಲು ಪರದೆ ಕಟ್ಟಿದ ಮೂಲೆ ಮಾಡಿಸಿ, ಅಲ್ಲೊಂದು ತೂಗುವ ಕುರ್ಚಿ ಇಡಿಸಿದ. ತಾಯಂದಿರಿಗೆ ಮೊದಲು ಬಡಿಸಿರಿ, ಅವರು ಬೇಗ ತಿಂದರೆ ಪೀಡೆ ಬೇಗ ತೊಲಗುತ್ತದೆ ಎಂದು ಆಜ್ಞೆ ಮಾಡಿದ. ಪ್ರೀತಿಯಿಂದ ಮಾಡಿದ್ದರೆ ಇದರ ಅರ್ಧವೂ ಆಗುತ್ತಿರಲಿಲ್ಲ.

ಶುಕ್ರವಾರ ಬೋರ್ಡಪ್ಪ ಮಗಳಿಗೆ ಕೊಟ್ಟ ಮಾತನ್ನು ನೆನೆಯುತ್ತ, ಕೈಕಾಲು ಸರಿಯಾಗಿವೆಯೇ ಎಂದು ಕೊನೆಯ ಸಲ ನೋಡಿಕೊಳ್ಳುತ್ತ ಆ ಓಣಿಗೆ ಹೋದ. ಗಲ್ಲಾದ ಹಿಂದೆ ಕೂತಿದ್ದ ಸಾಹುಕಾರ ಕನ್ನಡಕ ಏರಿಸಿದ.

"ಓಹೋ! ಬಂದ್ಯಾ ಪುಣ್ಯಾತ್ಮಾ! ನಿನ್ನ ಶ್ರಾದ್ಧಕ್ಕಾದ್ರೂ ಬಂದು ಹಿಡ್ಕೋಬೇಕು ಅಂತಿದ್ದೆ."

"ತಪ್ಪಾಯ್ತು ಯಜಮಾನ್ರೇ. ಭಾನುವಾರ ಮಧ್ಯಾಹ್ನ ಒಂದು ಮೇಜು ಬೇಕಿತ್ತು. ನಮ್ಮಮ್ಮನಿಗೆ ಎಂಬತ್ತು. ಜೊತೆಗೆ ಮಗಳ ಕೂಸು…"

"ಕೂಸು!" ಸಾಹುಕಾರನ ಮೀಸೆ ನಿಮಿರಿ ನಿಂತಿತು. "ಹನ್ನೊಂದು ವರ್ಷ ನನ್ನ ತಲೆ ಮೇಲೆ ಊರಿನ ಕೂಸುಗಳನ್ನೆಲ್ಲಾ ಕೂರಿಸಿದ್ದು ಸಾಲ್ದೂ ಅಂತ, ಈಗ ನಿನ್ನ ಮನೇದೂ ತರ್ತೀಯಾ? ಮೇಜು ಕೊಡ್ತೀನಿ. ಆದ್ರೆ ಮೊದಲು ಬೋರ್ಡು ತಿದ್ದು. 'ಬಾರದು' ಅಂದಿದ್ದೆ, 'ಬಾರದು' ಆಗ್ಬೇಕು. ಭಾನುವಾರ ನಿನ್ನ ಕೂಸೊಂದು ಬರ್ಲಿ, ನನ್ನ ಅತಿಥಿ ಅಂತ. ಮಿಕ್ಕೋರು ಹೊರಗೆ."

ಬೋರ್ಡಪ್ಪ ಒಪ್ಪಿದ. ಒಪ್ಪದೆ ಏನು ಮಾಡುತ್ತಾನೆ? ಶನಿವಾರ ಬೆಳಗ್ಗೆ ಏಣಿ ಒರಗಿಸಿ ಹತ್ತಿದ. ಸಾಹುಕಾರ ಕೆಳಗೆ ಸ್ವತಃ ಏಣಿ ಹಿಡಿದು ನಿಂತ. ಬೋರ್ಡಪ್ಪ ಬೀಳಬಾರದೆಂದಲ್ಲ, ಓಡಬಾರದೆಂದು.

'ಬ'ವನ್ನು 'ಬಾ' ಮಾಡಿ, 'ಹು' ಕೆರೆದು ಹಾಕಿ 'ರ' ಬರೆಯುವಾಗ ಬೋರ್ಡಪ್ಪನ ಕೈ ತಡೆಯಿತು. ನಾಳೆ ಇಲ್ಲಿ ಒಂದು ಕೂಸೂ ಇರುವುದಿಲ್ಲ. ಸದ್ದಿಲ್ಲದ ಹೋಟೆಲು, ಅದರ ನಟ್ಟನಡುವೆ ಸೈರನ್ನು. ಎಲ್ಲ ತಲೆಗಳೂ ತಿರುಗುತ್ತವೆ, ಮಗಳು ಎದ್ದು ಮೆಟ್ಟಿಲಿಗೆ ಹೋಗುತ್ತಾಳೆ. ಕುರ್ಚಿ ಇಪ್ಪತ್ತಿದ್ದರೇನು? ಅಳುವ ಕೂಸಿಗೆ ಆಸರೆ ಅಂದರೆ ಪಕ್ಕದ ಮೇಜಿನಲ್ಲಿ ಅಳುವ ಇನ್ನೊಂದು ಕೂಸು. ಇದನ್ನು ಸಾಹುಕಾರನಿಗೆ ಹೇಳುವ ಬಾಯಿ ಅವನಿಗಿರಲಿಲ್ಲ. ಆಮೆಯೂ ನಾಚುವಷ್ಟು ನಿಧಾನವಾಗಿ ಬರೆದ. ಆದರೂ ಹನ್ನೊಂದೂವರೆಗೆ 'ಬಾರದು' ಮುಗಿದು, ಒಣಗಿ, ಬಿಸಿಲಿಗೆ ಹೊಳೆಯಿತು. ಅವನ ಜೀವಮಾನದಲ್ಲೇ ಇಷ್ಟು ಸರಿಯಾದ ಕಾಗುಣಿತ ಇನ್ನೊಂದಿರಲಿಲ್ಲ.

ಅಷ್ಟರಲ್ಲಿ ಅವಳಿ ಮಕ್ಕಳ ತಳ್ಳುಗಾಡಿ ತಳ್ಳುತ್ತ ಗಂಡ ಹೆಂಡತಿ ಬಂದರು. ಬೋರ್ಡು ಓದಿದರು. ಹೆಂಡತಿ ಇನ್ನೊಮ್ಮೆ ಓದಿದಳು. ಗಾಡಿ ತಿರುಗಿಸಿದರು. ಅವರ ಹಿಂದೆ ಮೂರು ತಲೆಮಾರಿನ ಒಂದು ಮನೆಯವರು ಬಂದು, ಅವರೂ ತಿರುಗಿದರು. ಇನ್ನೊಬ್ಬಳು ಕೂಸನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡು, "ಇಲ್ಲೂ ಹೀಗೇನಾ?" ಎಂದು ತನಗೆ ತಾನೇ ಹೇಳಿಕೊಂಡು ಹೋದಳು.

ಓಣಿ ಸದ್ದಿಲ್ಲದಾಯಿತು. ಸಾಹುಕಾರ ಇಷ್ಟು ವರ್ಷ ಕಾದಿದ್ದ ಮೌನ ಅದೇ. ಅವನು ಅದನ್ನು ಸ್ವಲ್ಪ ಹೊತ್ತು ಆಲಿಸಿದ. ಖಾಲಿ ಹೋಟೆಲನ್ನೊಮ್ಮೆ ತಿರುಗಿ ನೋಡಿದ. ಆಮೇಲೆ ಅವನ ಬಾಯಿಂದ, ಊರಲ್ಲಿ ಯಾರೂ ಎಂದೂ ಕೇಳಿರದ ಕೂಗು ಹೊರಟಿತು:

"ಅಯ್ಯೋ, ಕರೀರೋ ಅವರನ್ನ! ಹೋಗ್ತಾ ಇದ್ದಾರೆ!"

ಸಪ್ಲಯರುಗಳು ತಟ್ಟೆ ಬಿಟ್ಟು ಓಡಿದರು. ಏಣಿಯ ತುದಿಯಿಂದ ಬೋರ್ಡಪ್ಪ ಮೆಲ್ಲಗೆ ಕೇಳಿದ: "ಮತ್ತೆ 'ಬಹುದು' ಮಾಡ್ಲಾ ಯಜಮಾನ್ರೇ?"

"ಥೂ! ಹನ್ನೊಂದು ವರ್ಷ 'ಬಾರದು, ಬಾರದು' ಅಂತ ಊರಿಗೆಲ್ಲಾ ಹೇಳ್ಕೊಂಡು ತಿರುಗಿದ್ದೀನಿ. ನನ್ನ ಭಾವಮೈದುನ ಹಲ್ಲು ಕಿರಿಯಲ್ವಾ? ಮಾತು ಅಂದ್ರೆ ಮಾತು. 'ಬಾರದು' ಅನ್ನೋದು ಇರ್ಬೇಕು, ಜನಾನೂ ಬರ್ಬೇಕು. ಏನ್ಮಾಡ್ತೀಯೋ ಗೊತ್ತಿಲ್ಲ!"

ಬೋರ್ಡಪ್ಪ ಬೋರ್ಡನ್ನು ನೋಡಿದ. ಬ್ರಶ್ಶನ್ನು ಬಣ್ಣಕ್ಕೆ ಅದ್ದಿದ. ಕೊನೆಯ ಅಕ್ಷರದ ಕೊಂಬು ಕೆರೆದು ಹಾಕಿದ. ಅದರ ತಲೆಯ ಮೇಲೊಂದು ಗೀಟು, ಪಕ್ಕಕ್ಕೊಂದು ದೀರ್ಘ, ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಎಳೆದ. ಕೆಳಗಿನಿಂದ ಸಾಹುಕಾರ ಅಕ್ಷರ ಕೂಡಿಸಿ ಓದಿದ:

"ಮಕ್ಕಳನ್ನು… ಕರೆತರ… ಬಾರದೇ?"

ಮತ್ತೊಮ್ಮೆ ಓದಿದ. "ಇದು ಬೇಡ ಅಂತಾನೋ, ಬನ್ನಿ ಅಂತಾನೋ?"

"ನೀವು ಹೇಳಿದ 'ಬಾರದು' ಅದರಲ್ಲೇ ಇದೆ ಯಜಮಾನ್ರೇ. ಸ್ವಲ್ಪ ಮರ್ಯಾದೆಯಿಂದ ಕೇಳಿದ್ದೀನಿ, ಅಷ್ಟೇ."

ಅಷ್ಟರಲ್ಲಿ ಅವಳಿಗಳ ತಾಯಿ ವಾಪಸು ಬಂದು ಬೋರ್ಡು ನೋಡಿ, "ಅದಕ್ಕೇನಂತೆ, ಕರ್ಕೊಂಡೇ ಬಂದಿದ್ದೀವಲ್ಲಾ," ಎಂದು ಗಾಡಿ ಒಳಗೆ ತಳ್ಳಿದಳು. ಸಾಹುಕಾರ ಏಣಿ ಬಿಟ್ಟು ಬಾಗಿಲು ಹಿಡಿದ.

ಭಾನುವಾರ ಮಧ್ಯಾಹ್ನ ಹೋಟೆಲಿನಲ್ಲಿ ಇಪ್ಪತ್ತು ಕೂಸುಗಳು ಇಪ್ಪತ್ತು ರಾಗ ಹಾಡುತ್ತಿದ್ದವು. ನಡುವಿನ ಉದ್ದನೆಯ ಮೇಜಿನ ತಲೆಗೆ ಎಂಬತ್ತರ ಅಜ್ಜಿ, ಅವಳ ಮಗ್ಗುಲಿನ ಎತ್ತರದ ಕುರ್ಚಿಯಲ್ಲಿ ಸೈರನ್ನು. ಊಟ ಬರುವ ಹೊತ್ತಿಗೆ ಸರಿಯಾಗಿ ಅದು ಬಾಯಿ ತೆರೆದು ಮೊಳಗಿತು. ಮಗಳು ಅಭ್ಯಾಸಬಲದಿಂದ ಕುರ್ಚಿ ಹಿಂದೆ ಸರಿಸಿ ಅರ್ಧ ಎದ್ದಳು.

ಒಂದು ತಲೆಯೂ ತಿರುಗಲಿಲ್ಲ. ಪಕ್ಕದ ಮೇಜಿನ ಅವಳಿಗಳು ಇದಕ್ಕಿಂತ ಒಂದು ಸ್ಥಾಯಿ ಮೇಲೆ ಹಿಡಿದಿದ್ದರು. ಸೈರನ್ನು ಹುಟ್ಟಿದ ಮೇಲೆ ಮೊದಲ ಸಲ ತನಗಿಂತ ಜೋರಾದವರನ್ನು ಕಂಡು, ತೆರೆದ ಬಾಯಿ ತೆರೆದಂತೆಯೇ ನಿಲ್ಲಿಸಿ, ಬೆರಗಾಗಿ ನೋಡತೊಡಗಿತು.

"ಕೂತ್ಕೊಳ್ಳೇ," ಎಂದಳು ಅಜ್ಜಿ. "ಇವತ್ತು ಯಾರೂ ಏಳೋ ಹಾಗಿಲ್ಲ ಅಂದಿಲ್ವಾ ನಾನು?"

"ನಾನು ಎತ್ಕೊಳ್ಳಲಾ?" ಎಂದ ಅಳಿಯ, ಬಾಯಿ ತುಂಬಿಸಿಕೊಂಡು.

"ಎತ್ಕೊಳ್ಳೋದು ಬೇಡಪ್ಪಾ. ಇವತ್ತು ಕೇಳೋದನ್ನಾದ್ರೂ ಬಿಡು," ಎಂದಳು ಅತ್ತೆ.

ಸಾಹುಕಾರನ ಆಜ್ಞೆಯಂತೆ ಸಪ್ಲಯರ್ ಮೊದಲ ತಟ್ಟೆಯನ್ನು ಮಗಳ ಮುಂದೆಯೇ ಇಟ್ಟ. ಹಬೆ ಏಳುತ್ತಿತ್ತು. ಅವಳು ಒಂದು ದೊಡ್ಡ ತುತ್ತು ಬಾಯಿಗಿಟ್ಟು, ಮರುಕ್ಷಣ ಹಾ ಹಾ ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

"ಏನಾಯ್ತು ಮಗಳೇ?" ಬೋರ್ಡಪ್ಪ ಗಾಬರಿಯಾದ.

"ನಾಲಿಗೆ ಸುಟ್ಟೋಯ್ತು ಅಪ್ಪಾ," ಎಂದಳು ಅವಳು ಬಾಯಿಗೆ ಗಾಳಿ ಹಾಕಿಕೊಳ್ಳುತ್ತ. "ಊದಿ ತಿನ್ನೋದೇ ಮರ್ತುಹೋಗಿದೆ."

ಹೀಗೆಂದು, ಇನ್ನೊಂದು ತುತ್ತನ್ನು, ಈ ಸಲವೂ ಊದದೆ, ಬಾಯಿಗಿಟ್ಟಳು.