ಆಸ್ಪತ್ರೆ ಬಸ್ಸಿನ ಕಂಡಕ್ಟರಮ್ಮ

ಕಂಡಕ್ಟರಮ್ಮನ ಗಂಟಲಿಗೆ ಬ್ರೇಕ್ ಇರಲಿಲ್ಲ. ಹಿಂದಿನ ಬಾಗಿಲಲ್ಲಿ ನಿಂತು ‘ಮುಂದೆ ಸರೀರಿ’ ಎಂದರೆ ಬಸ್ಸಿನವರಷ್ಟೇ ಅಲ್ಲ, ರಸ್ತೆ ಬದಿಯಲ್ಲಿ ಪೇಪರ್ ಓದುತ್ತ ನಿಂತವರೂ ಒಂದು ಹೆಜ್ಜೆ ಸರಿಯುತ್ತಿದ್ದರು. ಅಂಥವಳು ಮೆಲುದನಿಯಲ್ಲಿ ಟಿಕೆಟ್ ಕೇಳುವಂತಾದದ್ದು ಊರಿನ ಆಸ್ಪತ್ರೆಯಿಂದಾಗಿ.

ಆಸ್ಪತ್ರೆ ಒಂದೇ ಏಟಿಗೆ ಮುಚ್ಚಲಿಲ್ಲ. ಹಾಗೆ ಮುಚ್ಚಿದ್ದರೆ ಜನ ಗಲಾಟೆಯನ್ನಾದರೂ ಮಾಡುತ್ತಿದ್ದರೇನೋ. ಮೊದಲು ಮೂಳೆ ಡಾಕ್ಟರು ವರ್ಗವಾಗಿ ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಆಮೇಲೆ ದುರಸ್ತಿಗೆಂದು ಹೆರಿಗೆ ವಾರ್ಡಿಗೆ ಬೀಗ ಹಾಕಿದರು. ದುರಸ್ತಿ ಮಾಡುವವರಿಗೇ ಬೀಗದ ಕೈ ಸಿಗಲಿಲ್ಲವೋ ಏನೋ, ಅದು ಮತ್ತೆ ತೆರೆಯಲಿಲ್ಲ. ಕಣ್ಣಿನ ವಿಭಾಗ ಹೋಯಿತು, ಗಾಯಕ್ಕೆ ಬ್ಯಾಂಡೇಜ್ ಕಟ್ಟುವ ಕೋಣೆಯೂ ಹೋಯಿತು. ಕೊನೆಗೆ ಉಳಿದದ್ದು ಜ್ವರದ ಮಾತ್ರೆ ಕೊಡುವ ಒಂದು ಕಿಟಕಿ, ಕಿಟಕಿಯ ಹಿಂದೆ ‘ದೊಡ್ಡಾಸ್ಪತ್ರೆಗೆ ಹೋಗಿ’ ಎಂದು ಹೇಳಲು ಒಬ್ಬ ಮನುಷ್ಯ. ದೊಡ್ಡಾಸ್ಪತ್ರೆ ಇದ್ದದ್ದು ಎರಡು ತಾಸಿನ ದಾರಿಯಾಚೆ. ಬೆಳಗ್ಗೆ ಅಲ್ಲಿಗೆ ಹೋಗುತ್ತಿದ್ದದ್ದು ಕಂಡಕ್ಟರಮ್ಮನ ಬಸ್ಸೊಂದೇ.

ಹೀಗೆ ಬಸ್ಸೇ ವಾರ್ಡಾಯಿತು. ಮುಂದಿನ ಸೀಟುಗಳಲ್ಲಿ ಬಸುರಿಯರು, ಅವರ ಹಿಂದೆ ಪ್ಲಾಸ್ಟರ್ ಕಾಲು ಚಾಚಿದವರು, ಕೊನೆಯ ಸಾಲಿನಲ್ಲಿ ಕೆಮ್ಮಿನವರು. ಈ ಏರ್ಪಾಡು ಕಂಡಕ್ಟರಮ್ಮನದೇ. ಯಾರಾದರೂ ಎಕ್ಸ್‌ರೇ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರೆ ಇಡೀ ಬಸ್ಸು ಕತ್ತು ಚಾಚಿ ತನ್ನ ಅಭಿಪ್ರಾಯ ಹೇಳುತ್ತಿತ್ತು. ಒಮ್ಮೆ ಒಬ್ಬನ ಮುರಿದ ಮೊಣಕೈಯನ್ನು ಎಲ್ಲರೂ ಸೇರಿ ಮಂಡಿಯೆಂದು ತೀರ್ಮಾನಿಸಿದ್ದೂ ಉಂಟು. ರಸ್ತೆಯ ಉಬ್ಬು ಬರುವ ಮುಂಚೆ ಕಂಡಕ್ಟರಮ್ಮ ‘ಹೊಲಿಗೆ ಹಾಕಿಸ್ಕೊಂಡಿರೋರು ಹಿಡ್ಕೊಳ್ಳಿ’ ಎಂದು ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು. ಮೊದಲೇ ಮಾತು ಕಮ್ಮಿಯಿದ್ದ ಡ್ರೈವರಣ್ಣ ಉಬ್ಬಿನ ಮೇಲೆ ಬಸ್ಸನ್ನು ನಿದ್ದೆ ಹೋದ ಕೂಸಿನಂತೆ ಎತ್ತಿ ಇಳಿಸುತ್ತಿದ್ದ.

ಅಲ್ಲೇ ತೊಡಕು ಶುರುವಾದದ್ದು. ಇಷ್ಟು ಮೆಲ್ಲಗೆ ಹೋದರೆ ತಲುಪುವಷ್ಟರಲ್ಲಿ ಆಸ್ಪತ್ರೆಯಲ್ಲಿ ಆ ದಿನದ ಟೋಕನ್ ಮುಗಿದಿರುತ್ತಿತ್ತು. ಜನ ಬಂದ ದಾರಿಗೆ ಸುಂಕವಿಲ್ಲವೆಂದು ಅದೇ ಬಸ್ಸಿಗೆ ಹತ್ತಿ ಊರಿಗೆ ವಾಪಸ್. ಬಸ್ಸು ಇನ್ನೂ ಬೇಗ ಹೊರಡಲಿ ಎಂದು ಕಂಡಕ್ಟರಮ್ಮ ಡಿಪೋ ಮ್ಯಾನೇಜರನ್ನು ಕೇಳಿದಳು. ಆ ಹೊತ್ತಿಗೆ ಬಸ್ಸಿಗೆ ಯಾರಮ್ಮ ಬರ್ತಾರೆ ಎಂದು ಆತ ತಲೆ ಎತ್ತದೆಯೇ ಕಳಿಸಿಬಿಟ್ಟ.

ಮನೆಗೆ ಬಂದು ಅತ್ತೆಯ ಮುಂದೆ ಗೊಣಗಿದಳು. ಅತ್ತೆಗೆ ಕಣ್ಣಿನ ಪೊರೆ. ಅವರೂ ಟೋಕನ್ ಸಿಗದೆ ಮೂರು ಸಲ ವಾಪಸಾದವರು. ಮರುದಿನ ಅವರು ಬುತ್ತಿ, ನೀರಿನ ಬಾಟಲಿ, ದಿಂಬು ಹಿಡಿದುಕೊಂಡು ಹೋಗಿ ಮ್ಯಾನೇಜರ್ ಮೇಜಿನೆದುರಿನ ಕುರ್ಚಿಯಲ್ಲಿ ಕೂತರು. ಮ್ಯಾನೇಜರ್ ಗಾಬರಿಯಾಗಿ ಇದೇನು ಧರಣಿಯಾ ಎಂದು ಕೇಳಿದ.

“ಧರಣಿ ಅಲ್ಲಪ್ಪ, ಅಭ್ಯಾಸ ಮಾಡ್ಕೊತಾ ಇದೀನಿ. ಟೋಕನ್ ಇಲ್ದೆ ಆಸ್ಪತ್ರೆಲಿ ಕೂರೋದನ್ನ ಇಲ್ಲೇ ಕಲಿತರೆ ಬಸ್ ಚಾರ್ಜಾದ್ರೂ ಉಳಿಯುತ್ತೆ. ನೀನು ನಿನ್ ಕೆಲಸ ಮಾಡ್ಕೊ.”

ಮಧ್ಯಾಹ್ನದೊಳಗೆ ಅವರು ಮ್ಯಾನೇಜರ್‌ಗೆ ತಮ್ಮ ಕಣ್ಣಿನ ಪೂರ್ವೋತ್ತರ ಒಪ್ಪಿಸಿ, ಅವನ ಸೊಂಟನೋವು ವಿಚಾರಿಸಿ, ಅವನ ಬುತ್ತಿಯಲ್ಲಿ ಉಪ್ಪು ಜಾಸ್ತಿ ಎಂದೂ ಹೇಳಿ ಮುಗಿಸಿದ್ದರು. ಪರೀಕ್ಷಾರ್ಥ ಎಂಬ ಪದ ಸೇರಿಸಿ ಮ್ಯಾನೇಜರ್ ಹೊಸ ವೇಳೆಗೆ ಸಹಿ ಹಾಕಿದ. ಅತ್ತೆ ದಿಂಬು ಎತ್ತಿಕೊಂಡು ಮನೆಗೆ ಬಂದರು.

ಬಸ್ಸು ಕತ್ತಲಿರುವಾಗಲೇ ಹೊರಡತೊಡಗಿತು. ಟೋಕನ್ ಸಿಗತೊಡಗಿದವು. ಕಂಡಕ್ಟರಮ್ಮ ಕೊಂಚ ಬೀಗಿದಳೆಂದೇ ಹೇಳಬೇಕು. ಆದರೆ ಒಂದು ಬೆಳಗ್ಗೆ ಕಿಟಕಿ ಪಕ್ಕದ ಒಂದು ಸೀಟು ಖಾಲಿಯಿರುವುದು ಕಣ್ಣಿಗೆ ಬಿತ್ತು. ಅದು ಟೈಲರ್ ಮಾವನ ಜಾಗ. ಸಕ್ಕರೆ ಕಾಯಿಲೆಯ ಆತನಿಗೆ ಪಾದದಲ್ಲಿ ಗಾಯ. ದಿನ ಬಿಟ್ಟು ದಿನ ಬ್ಯಾಂಡೇಜ್ ಬದಲಿಸಿಕೊಳ್ಳಲು ಬರುತ್ತ, ಬಸ್ಸಿನವರ ಅಂಗಿಗಳ ಹೊಲಿಗೆಯನ್ನೆಲ್ಲ ಆಡಿಕೊಳ್ಳುತ್ತಿದ್ದ. ಮುಂದಿನ ಸರದಿಗೂ ಆತ ಬರಲಿಲ್ಲ.

ಸಂಜೆ ಅವಳು ಅವನ ಅಂಗಡಿಗೆ ಹೋದಳು. ಮಾವ ಮಿಷನ್ನಿನ ಹಿಂದೆ ಕೂತಿದ್ದ, ಪೆಡಲಿನ ಮೇಲೆ ಒಂದೇ ಕಾಲು. ಇನ್ನೊಂದಕ್ಕೆ ಅಂಗಿ ಬಟ್ಟೆಯ ಚೂರುಗಳನ್ನು ಅಚ್ಚುಕಟ್ಟಾಗಿ ಮಡಿಸಿ ಕಟ್ಟಿಕೊಂಡಿದ್ದ. ಅಂಚು ಸಹ ಹೊಲಿದಿದ್ದ. ಅದರಡಿಯಿಂದ ಕೊಳೆತ ವಾಸನೆ ಬರುತ್ತಿತ್ತು.

“ಯಾಕ್ ಮಾವ ಬರ್ಲಿಲ್ಲ?”

“ಹೋಗಿ ಬರೋಕೆ ಒಂದು ದಿನ, ಸುಧಾರಿಸ್ಕೊಳ್ಳೋಕೆ ಒಂದು ದಿನ. ಅಷ್ಟರಲ್ಲಿ ಮತ್ತೆ ಹೋಗೋ ದಿನ ಬಂತು. ಅಂಗಡಿ ಬಾಗಿಲು ತೆಗೆಯೋದು ಯಾವಾಗ ಹೇಳು? ಇದು ಒಳ್ಳೇ ಬಟ್ಟೆನೇ ಕಣಮ್ಮ, ಬಣ್ಣ ಬಿಡಲ್ಲ.”

ಅವಳಿಗೆ ನಗು ಬರಲಿಲ್ಲ. ಮರುದಿನ ಡ್ರೈವರಣ್ಣ ಬಸ್ಸನ್ನು ದಾರಿ ತಪ್ಪಿಸಿ ಟೈಲರ್ ಅಂಗಡಿಯ ಮುಂದೆ ತಂದು ನಿಲ್ಲಿಸಿದ. ಅವನೂ ಕಂಡಕ್ಟರಮ್ಮನೂ ಸೇರಿ ಮಾವನನ್ನು ಎತ್ತಿ ಕೂರಿಸಿದರು.

ಕಾಲು ಉಳಿಯಿತು, ಎರಡು ಬೆರಳು ಹೋದವು. ಆಪರೇಷನ್ ಮುಗಿಸಿ ಹೊರಬಂದ ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಸುಸ್ತಾಗಿದ್ದರು. ಇದಕ್ಕೆ ದೊಡ್ಡ ಡಾಕ್ಟರೇ ಬೇಕಿರಲಿಲ್ಲ, ಹತ್ತಿರದಲ್ಲಿ ಗಾಯ ತೊಳೆದು ಕಟ್ಟುವ ಒಂದು ಕೈ ಇದ್ದಿದ್ದರೆ ಬೆರಳು ಉಳಿಯುತ್ತಿದ್ದವು ಎಂದು ಬೇಸರದಿಂದ ಹೇಳಿದರು. ಇಂಥವರು ಇನ್ನೆಷ್ಟು ಜನ ಇದ್ದಾರೆ ಎಂದೂ ಕೇಳಿದರು.

“ಗೇಟ್ ಹತ್ರ ಬಸ್ ನಿಂತಿದೆ, ಬಂದು ನೋಡಿ ಮೇಡಂ,” ಎಂದಳು ಕಂಡಕ್ಟರಮ್ಮ.

ಡಾಕ್ಟರಮ್ಮ ನಿಜಕ್ಕೂ ಬಂದರು. ಹೊರಡಲು ಕಾಯುತ್ತಿದ್ದ ಬಸ್ಸಿಗೆ ಹತ್ತಿ ಸೀಟಿಂದ ಸೀಟಿಗೆ ನಡೆದು ಹೋದರು. ಜನ ಮೊದಲು ಮುದುಡಿ ಕೂತರು, ಆಮೇಲೆ ಒಬ್ಬೊಬ್ಬರೇ ಪ್ಯಾಂಟು ಮಡಿಸಿದರು, ಸೆರಗು ಸರಿಸಿದರು, ಕಟ್ಟು ತೋರಿಸಿದರು. ಅರ್ಧಕ್ಕರ್ಧ ಜನ ಬಂದದ್ದು ಬರೀ ಬ್ಯಾಂಡೇಜಿಗೆ, ಇಂಜೆಕ್ಷನ್ನಿಗೆ. ಡಾಕ್ಟರಮ್ಮ ಅವರನ್ನೆಲ್ಲ ಎಣಿಸಿಕೊಂಡು ಇಳಿದರು.

ಆಮೇಲೆ ಅವರು ಮೇಲಿನವರಿಗೆ ಬರೆದು, ಕೇಳಿ, ಬೈಸಿಕೊಂಡು, ಮತ್ತೆ ಕೇಳಿ, ವಾರಕ್ಕೆ ಎರಡು ಮಧ್ಯಾಹ್ನ ಒಬ್ಬ ನರ್ಸನ್ನು ಊರಿನ ಆಸ್ಪತ್ರೆಗೆ ಕಳಿಸುವ ಅಪ್ಪಣೆ ಪಡೆದರು. ನರ್ಸ್ ಬಂದದ್ದು ಕಂಡಕ್ಟರಮ್ಮನ ಬಸ್ಸಿನಲ್ಲೇ, ಮಡಿಲಲ್ಲಿ ಔಷಧದ ಡಬ್ಬಿ ಇಟ್ಟುಕೊಂಡು. ಬ್ಯಾಂಡೇಜ್ ಕೋಣೆಯ ಧೂಳನ್ನು ಊರವರೇ ಗುಡಿಸಿದ್ದರು. ಮಾವ ಊರುಗೋಲಿನಲ್ಲಿ ಎಲ್ಲರಿಗಿಂತ ಮುಂಚೆ ಬಂದು ನಿಂತಿದ್ದ. ನರ್ಸ್ ಕಟ್ಟು ಕಟ್ಟಿ ಮುಗಿಸಿದ ಮೇಲೆ ತಿರುವಿ ತಿರುವಿ ನೋಡಿ, ‘ಕೈ ಚೆನ್ನಾಗಿದೆ’ ಎಂದು ಒಪ್ಪಿಕೊಂಡ.

ಹೆರಿಗೆ ವಾರ್ಡಿನ ಬೀಗ ಹಾಗೇ ಇತ್ತು, ಮೂಳೆ ಡಾಕ್ಟರ ಕುರ್ಚಿಯೂ ಖಾಲಿ. ಬಸುರಿಯರು ಮುಂದಿನ ಸೀಟುಗಳಲ್ಲೇ ಕೂತು ಹೋಗುತ್ತಿದ್ದರು. ಆದರೆ ಬಸ್ಸಿನಲ್ಲಿ ಈಗ ನಿಂತವರಿರಲಿಲ್ಲ.

ತಿಂಗಳ ಕೊನೆಗೆ ಮ್ಯಾನೇಜರ್ ಅವಳನ್ನು ಕರೆಸಿ, ಜನ ಕಮ್ಮಿಯಾಗಿದ್ದಾರಲ್ಲ, ಏನಾಯಿತು ಎಂದು ವಿಚಾರಿಸಿದ.

“ವಾಸಿ ಆಗ್ತಿದಾರೆ ಸಾರ್,” ಎಂದಳು ಕಂಡಕ್ಟರಮ್ಮ. ಮ್ಯಾನೇಜರ್ ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದೆಂದು ಪೆನ್ನು ಹಿಡಿದು ಕೂತ.