ಕಾರಿಗೆ ಭೇದಿಗೆ ಕೊಟ್ಟದ್ದು

ಹನಗೋಡಿನ ಹೊಗೆಸೊಪ್ಪಿನ ರೈತ ದೊಡ್ಡಮಾದಯ್ಯನವರು ತಮ್ಮ ಕಾರನ್ನು ಎಂದೂ ಹಳೆಯದು ಎಂದವರಲ್ಲ, ವಯಸ್ಸಾಗಿದೆ ಎನ್ನುತ್ತಿದ್ದರು. ಕೊಡಗಿನ ಸಾಹುಕಾರರೊಬ್ಬರು ಹದಿನಾರು ವರ್ಷ ಓಡಿಸಿ ಮಾರಿದ ಆ ಪೆಟ್ರೋಲ್ ಕಾರೆಂದರೆ ಅವರಿಗೆ ಜೀವ. ಅದು ವಾರಕ್ಕೆರಡು ಸಲ ದಾರಿಯಲ್ಲಿ ನಿಲ್ಲುತ್ತಿತ್ತು. ನಿಂತಾಗ ಅವರು ಸ್ಟೇರಿಂಗ್ ಬಿಟ್ಟು ಏಳುತ್ತಿರಲಿಲ್ಲ. ಇಳಿದು ತಳ್ಳುತ್ತಿದ್ದವರು ಹೆಂಡತಿ ಮರಮ್ಮ. ಕಾರು ಬಂದ ಮೇಲೆ ಹನ್ನೊಂದು ವರ್ಷ ಸಂಸಾರ ಹೀಗೇ ನಡೆಯಿತು.

೧೯೯೯ರ ಬೇಸಿಗೆಯಲ್ಲಿ ಮರಮ್ಮನ ಮಂಡಿ ಊದಿಕೊಂಡಿತು. ಕೆ.ಆರ್. ನಗರದ ಕಡೆಯ ಹೊಸ ಅಗ್ರಹಾರಕ್ಕೆ ಕೊಟ್ಟಿದ್ದ ಮಗಳು ಕಟ್ಟಿಸಿದ ಹೊಸ ಮನೆಯ ಒಕ್ಕಲು ಹತ್ತಿರ ಬಂದಿತ್ತು.

"ಪ್ರಮೀಳನ ಮನೆ ಒಕ್ಕಲಿಗೆ ಇದರಲ್ಲೇ ಬತ್ತೀನಿ. ದಾರೀಲಿ ನಿಂತ್ರೆ ಮಾತ್ರ ನಾ ಇಳಿಯಾಕಿಲ್ಲ ಕಣ್ರೀ. ಅಲ್ಲಿಂದ್ಲೇ ಗುಜರಿಯವನಿಗೆ ಕೊಟ್ಟುಬುಡಿ" ಎಂದರು ಮರಮ್ಮ.

ದೊಡ್ಡಮಾದಯ್ಯನವರಿಗೆ ಅಂದು ಊಟ ಸೇರಲಿಲ್ಲ. ಬೆಳಗಾಗುತ್ತಲೇ ಹುಣಸೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರು. ಅಂಗಡಿಯ ಕಾಂತರಾಜು ಒಂದು ಬಾಟಲಿ ಕೊಟ್ಟ.

"ಒಳಗಿನ ಕೊಳೆಯೆಲ್ಲ ಕಿತ್ತು ತೆಗೀತದೆ ಮಾದಯ್ನೋರೇ. ಟ್ಯಾಂಕ್ ತುಂಬ ಪೆಟ್ರೋಲ್ ಹಾಕ್ಸಿ, ಇದನ್ನ ಸುರ್ದು, ಮೈಸೂರ್ ಗಂಟ ಓಡಿಸ್ಕಂಡು ಬನ್ನಿ."

ಕೊಳೆ ಕಿತ್ತು ತೆಗೆಯುವುದೆಂದರೆ ಭೇದಿಯ ಔಷಧಿ ಎಂದು ಅವರಿಗೆ ಅಲ್ಲೇ ಅರ್ಥವಾಯಿತು. ವರ್ಷಕ್ಕೊಮ್ಮೆ ಮನೆಮಂದಿಗೆಲ್ಲ ಹರಳೆಣ್ಣೆ ಕುಡಿಸುತ್ತಿದ್ದವರು ಅವರು. ಕುಡಿದವರ ಹೊಟ್ಟೆ ಖಾಲಿ ಇರಬೇಕು, ಮೈಗೆ ಗಾಳಿ ಸೋಕಬಾರದು, ಹೊಸ್ತಿಲು ದಾಟಬಾರದು. ಭೇದಿಗೆ ಕೊಟ್ಟು ಮೈಸೂರಿಗೆ ಓಡಿಸು ಎನ್ನುವ ಕಾಂತರಾಜುವಿಗೆ ತಲೆ ಕೆಟ್ಟಿದೆ ಎಂದುಕೊಂಡರು.

ಟ್ಯಾಂಕಿನಲ್ಲಿ ಮೂರೇ ಲೀಟರ್ ಇದ್ದಾಗ ಇಡೀ ಬಾಟಲಿ ಸುರಿದರು. ಬಾನೆಟ್ಟಿಗೆ ಕಂಬಳಿ ಹೊದಿಸಿ, ಕಾರಿಗೆ ಮೂರು ದಿನ ವಿಶ್ರಾಂತಿ ಕೊಟ್ಟರು.

ನಾಲ್ಕನೆಯ ದಿನ ಮನೆ ಒಕ್ಕಲು. ಪೆಟ್ರೋಲ್ ತುಂಬಿಸಿ ಹೊರಟರು. ಹುಣಸೂರು ದಾಟುವವರೆಗೆ ಕಾರು ಕೆಮ್ಮಲೂ ಇಲ್ಲ. ದೊಡ್ಡಮಾದಯ್ಯನವರು ಪಥ್ಯದ ಮಹತ್ವ ಕುರಿತು ಮಾತಾಡುತ್ತಿದ್ದರು. ಗದ್ದೆ ಬಯಲು ಬಂತು, ಕಾರು ನಿಂತಿತು.

ಅವರು ಬಾನೆಟ್ ಎತ್ತಿ ಪೆಟ್ರೋಲ್ ಫಿಲ್ಟರ್ ಬಿಚ್ಚಿದರೆ ಇಪ್ಪತ್ತೇಳು ವರ್ಷದ ತುಕ್ಕು, ಜಿಡ್ಡು ಎಲ್ಲ ಅಲ್ಲಿಗೇ ಬಂದು ಕೂತಿತ್ತು.

"ನೋಡೇ, ಔಷಧಿ ಎಂಗೆ ಕೆಲ್ಸ ಮಾಡ್ಯದೆ!"

ಫಿಲ್ಟರ್ ಒರೆಸಿ ಹಾಕಿ, ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಇಳಿಯಿತು. ಇನ್ನು ತಳ್ಳಲೇಬೇಕು. ಮರಮ್ಮ ಮಗಳಿಗೆ ಒಯ್ಯುತ್ತಿದ್ದ ಮಡಿಲಕ್ಕಿ ತಟ್ಟೆಯನ್ನು ತೊಡೆಯ ಮೇಲೆ ಹಿಡಿದು ನೇರವಾಗಿ ಮುಂದೆ ನೋಡುತ್ತ ಕುಳಿತಿದ್ದರು. ತಾವೇ ತಳ್ಳಿ, ಓಡಿಬಂದು ಹತ್ತೋಣವೆಂದು ದೊಡ್ಡಮಾದಯ್ಯನವರು ಮೊದಲ ಬಾರಿಗೆ ಕಾರಿನ ಹಿಂದಕ್ಕೆ ಹೋದರು.

ಡಿಕ್ಕಿಯ ಮೇಲೆ ಎರಡು ಕಡೆ, ಅಂಗೈಯಗಲ, ಬಣ್ಣ ಸವೆದು ತಗಡು ಕಾಣುತ್ತಿತ್ತು. ಅವರು ಅಲ್ಲೇ ಕೈಯಿಟ್ಟು ತಳ್ಳಿದರು. ಕಾರು ಹತ್ತಡಿ ಸರಿಯುವಷ್ಟರಲ್ಲಿ ಉಸಿರು ಕಟ್ಟಿತು. ಬಂದು ಕಿಟಕಿ ಹಿಡಿದು ನಿಂತರು.

"ಇಷ್ಟು ಭಾರ ಇದ್ದದೇನೇ ಇದು?"

"ನಾ ತಳ್ಳುವಾಗ ನೀವು ಒಳಗಿರ್ತಿದ್ರಿ. ಇನ್ನೂ ಭಾರ ಇರ್ತಿತ್ತು" ಎಂದರು ಮರಮ್ಮ.

ದೊಡ್ಡಮಾದಯ್ಯನವರಿಗೆ ನಾಚಿಕೆಯಾಯಿತು. ಬಂದ ಬಸ್ಸಿಗೆ ಕೈ ಅಡ್ಡ ಹಿಡಿದರು. ಕೆ.ಆರ್. ನಗರದಲ್ಲಿ ಇಳಿದವರೇ ಎಸ್‌ಟಿಡಿ ಬೂತಿಗೆ ಹೋಗಿ, ಗುಜರಿಯವನಿಗೆ ಫೋನಿನಲ್ಲಿ ಕಾರು ನಿಂತ ಜಾಗ ಹೇಳಿದರು. ಆಮೇಲೆ ಕಣ್ಣೊರೆಸಿಕೊಂಡು ಬಂದು, ಹೆಂಡತಿಯ ಕೈಯಿಂದ ತಟ್ಟೆ ಈಸಿಕೊಂಡರು.