ಬೇಸಿಗೆಗೆ ಅಳಿಸುವ ಕಣ್ಣುಚುಕ್ಕಿ

ನಮ್ಮ ದೊಡ್ಡಪ್ಪನನ್ನು ಬೀದಿಯವರೆಲ್ಲ ಚಿಟ್ಟೆ ಮೇಷ್ಟ್ರು ಎಂದು ಕರೆಯುತ್ತಿದ್ದರು. ಮೇಷ್ಟ್ರೂ ಅಲ್ಲ, ಮಣ್ಣೂ ಅಲ್ಲ. ಮ್ಯೂಸಿಯಂನ ಕೀಟಗಳ ವಿಭಾಗದಲ್ಲಿ ಅವರಿಗೆ ಕೆಲಸ. ಕಾಡಿನಿಂದ ಕಾಗದದ ಮಡಿಕೆಗಳಲ್ಲಿ ಬರುವ ಸತ್ತ ಚಿಟ್ಟೆಗಳನ್ನು ಒದ್ದೆ ಮರಳಿನ ಡಬ್ಬಿಯಲ್ಲಿಟ್ಟು ಮೆತ್ತಗಾಗಿಸುವುದು, ರೆಕ್ಕೆ ಹರಡಿ ಒಣಗಿಸುವುದು, ನೋಡಲು ಒಂದೇ ಥರ ಇರುವ ಎರಡು ಜಾತಿಗಳನ್ನು ಬೇರೆ ಮಾಡಿ ಅದರದರ ಪೆಟ್ಟಿಗೆಯಲ್ಲಿ ಸೂಜಿ ಚುಚ್ಚಿ ನಿಲ್ಲಿಸುವುದು. ಮದುವೆಯಾಗಲಿಲ್ಲ. ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದ್ದರು. ಅವರು ಬಂದರೆಂದರೆ ನುಸಿಗುಳಿಗೆಯ ವಾಸನೆ ಮೊದಲು ಬರುತ್ತಿತ್ತು.

ಬೇರೆ ಮಾಡುವ ಆ ಚಟ ಮನೆಗೂ ಬಂದಿತ್ತು. ಬೇಳೆ ಆರಿಸಲು ಕೂತರೆ ಕಲ್ಲು ತೆಗೆದು ಏಳುವ ಆಸಾಮಿಯಲ್ಲ. ದಪ್ಪದ್ದು, ಸಣ್ಣದ್ದು, ಮುರಿದದ್ದು, ಹುಳ ಹಿಡಿದದ್ದು ಎಂದು ಗುಡ್ಡೆ ಗುಡ್ಡೆ ಮಾಡುತ್ತಿದ್ದರು.

"ಭಾವ, ಬೇಯಿಸಿದ್ಮೇಲೆ ಎಲ್ಲಾ ಒಂದೇ," ಎಂದು ಅಮ್ಮ ಗೊಣಗುತ್ತಿದ್ದಳು. "ನೀವು ಹೀಗೆ ಆರಿಸ್ತಾ ಕೂತ್ರೆ ಮಧ್ಯಾಹ್ನದ ಊಟ ನಾಳೆಗೇ."

"ಬೇಯೋ ತನಕ ಬೇರೇನೇ ತಾನೇ ತಾಯಿ?" ಎಂದು ದೊಡ್ಡಪ್ಪ ನಗುತ್ತಿದ್ದರು.

ಅಪ್ಪ ಅವರ ಒಬ್ಬನೇ ತಮ್ಮ. ಕಟ್ಟಡಗಳಿಗೆ ಬಣ್ಣ ಬಳಿಯುವವನು. ಅಣ್ಣ ಎಷ್ಟು ಅಚ್ಚುಕಟ್ಟೋ ತಮ್ಮ ಅಷ್ಟೇ ಅಂಕೆಯಿಲ್ಲದವನು. ಉಗುರಲ್ಲಿ ಬಣ್ಣ, ಬಾಯಲ್ಲಿ ನಗು, ಸಂಜೆಯಾದರೆ ಕುಡಿತ. ಅವನ ಗಲ್ಲದ ಮೇಲೆ ಹೆಸರುಕಾಳಿನಷ್ಟು ದೊಡ್ಡ ಕರಿ ಮಚ್ಚೆ ಇತ್ತು. ಚಿಕ್ಕವಳಿದ್ದಾಗ ನಾನು ಅದನ್ನು ಒತ್ತಿದರೆ ಅವನು ಗಂಟೆಯ ಹಾಗೆ ಸದ್ದು ಮಾಡುತ್ತಿದ್ದ. ಅವನಿಂದ ನನಗೆ ಬಂದದ್ದು ಮಾತ್ರ ಮಚ್ಚೆಯಲ್ಲ, ಕಾಲು. ಬಲಗಾಲಿನ ಎರಡನೆಯ, ಮೂರನೆಯ ಬೆರಳು ಅರ್ಧದವರೆಗೆ ಅಂಟಿಕೊಂಡಿವೆ. ಅವನಿಗೂ ಹಾಗೇ, ನನಗೂ ಹಾಗೇ. "ಅಪ್ಪ ಮಗಳು ಇಬ್ರೂ ಒಂದೇ ಪೆಟ್ಟಿಗೆಗೆ ಸೇರೋರು," ಎಂದು ದೊಡ್ಡಪ್ಪ ಛೇಡಿಸುತ್ತಿದ್ದರು.

ರಜೆಯಲ್ಲಿ ನಾನು ಮ್ಯೂಸಿಯಂಗೆ ಅವರ ಊಟದ ಡಬ್ಬಿ ಒಯ್ಯುತ್ತಿದ್ದೆ. ಕಿಟಕಿಗೆ ದಪ್ಪ ಪರದೆ, ಮೇಜಿನ ಮೇಲೊಂದು ದೀಪ, ಗೋಡೆಗೆ ತಾಗಿ ಸೂರಿನವರೆಗೆ ಮರದ ಡ್ರಾಯರುಗಳು. ಒಂದು ದಿನ ಎರಡು ಕರಿ ಚಿಟ್ಟೆಗಳನ್ನು ನನ್ನ ಮುಂದಿಟ್ಟರು. ಎರಡಕ್ಕೂ ಹಿಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟೆ, ಅಂಚಿಗೆ ಕೆಂಪು ಬೊಟ್ಟು.

"ಒಂದು ವಿಷದ್ದು, ಹಕ್ಕಿ ಮುಟ್ಟಲ್ಲ. ಇನ್ನೊಂದು ವಿಷದ್ದರ ಹಾಗೆ ವೇಷ ಹಾಕ್ಕೊಂಡಿರೋ ಕಳ್ಳಿ. ಯಾವ್ದು ಯಾವ್ದು ಹೇಳು ಪುಟ್ಟಿ."

ನಾನು ಬೊಟ್ಟು ಎಣಿಸುತ್ತ ಕೂತೆ.

"ರೆಕ್ಕೆ ಬಿಡು, ಮೈ ನೋಡು. ಇದರ ಮೈ ಕೆಂಪು, ಅದರದ್ದು ಕಪ್ಪು. ರೆಕ್ಕೆಗೆ ವೇಷ ಹಾಕ್ತು, ಮೈಗೆ ಹಾಕೋಕಾಗಲಿಲ್ಲ."

ಆಮೇಲೆ ಇನ್ನೊಂದು ಡ್ರಾಯರು ಎಳೆದರು. ಕಂದು ಬಣ್ಣದ ಸಣ್ಣ ಚಿಟ್ಟೆಗಳು. ಒಂದು ಸಾಲಿನವಕ್ಕೆ ರೆಕ್ಕೆಯ ಅಡಿಯಲ್ಲಿ ಕಣ್ಣಿನಂಥ ಚುಕ್ಕಿಗಳು, ಹಳದಿ ಉಂಗುರ ಸಮೇತ. ಇನ್ನೊಂದು ಸಾಲಿನವು ಬರೀ ಒಣಗಿದ ಎಲೆ. ನಾನು ಬೇರೆ ಬೇರೆ ಎಂದೆ.

"ಹೊಸದಾಗಿ ಸೇರಿದಾಗ ನಾನೂ ಹಾಗೇ ಅಂದ್ಕೊಂಡು ಎರಡು ಪೆಟ್ಟಿಗೇಲಿಟ್ಟು ಬೈಸ್ಕೊಂಡೆ. ಎರಡೂ ಒಂದೇ ಕಣೇ! ಮಳೆಗಾಲದಲ್ಲಿ ಹುಟ್ಟಿದ್ರೆ ಚುಕ್ಕಿ ಇರುತ್ತೆ, ಬೇಸಿಗೇಲಿ ಹುಟ್ಟಿದ್ರೆ ಅಳಿಸಿಹೋಗುತ್ತೆ. ಗಂಡಿನ ರೆಕ್ಕೆ ಮೇಲೆ ಕೂದಲಿನ ಸಣ್ಣ ಕುಚ್ಚಿದೆ ನೋಡು, ಅದು ಯಾವ ಕಾಲಕ್ಕೂ ಬದಲಾಗಲ್ಲ. ಹೋಗೋ ಗುರುತು ಹಿಡ್ಕೊಂಡು ಕೂರಬಾರ್ದು. ಉಳಿಯೋ ಗುರುತು ಹುಡುಕ್ಬೇಕು."

ಇಷ್ಟು ಚೆನ್ನಾಗಿ ಗೊತ್ತಿತ್ತು ಅವರಿಗೆ. ಅದಕ್ಕೇ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಗೊತ್ತಿಲ್ಲದವನು ತಪ್ಪಿದರೆ ಹೋಗಲಿ ಬಿಡು ಎನ್ನಬಹುದು.

ನಾನು ಶಾಲೆಯಲ್ಲಿದ್ದಾಗ ಒಂದು ಸಂಜೆ ಅಪ್ಪ ಕುಡಿದು ಬಂದು ಅಮ್ಮನ ಮೇಲೆ ಕೈ ಎತ್ತಿದ. ದೊಡ್ಡಪ್ಪ ನಮ್ಮೆಲ್ಲರ ಮುಂದೆ ಅವನ ಕೆನ್ನೆಗೆ ಬಾರಿಸಿ, "ಮನುಷ್ಯ ಆಗೋ ತನಕ ಈ ಹೊಸಲು ತುಳೀಬೇಡ," ಎಂದರು. ಅಪ್ಪ ಚಪ್ಪಲಿ ಹಾಕಿಕೊಂಡು ಹೋದ. ಎರಡು ದಿನಕ್ಕೆ ಬರುತ್ತಾನೆಂದುಕೊಂಡೆವು. ಬರಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ದೊಡ್ಡಪ್ಪ ರಜೆ ಹಾಕಿ ಊರೂರು ಸುತ್ತಿದರು. "ಕಳಿಸಿದೋನು ನಾನು, ಕರ್ಕೊಂಡು ಬರೋನೂ ನಾನೇ ತಾಯಿ. ನೀನು ಧೈರ್ಯವಾಗಿರು," ಎಂದು ಅಮ್ಮನಿಗೆ ಮಾತು ಕೊಟ್ಟರು.

ನಾಲ್ಕೈದು ವರ್ಷ ಕಳೆದಿರಬೇಕು. ನಾನಾಗ ಹೊಲಿಗೆ ಅಂಗಡಿಗೆ ಸೇರಿದ್ದೆ. ಪೊಲೀಸ್ ಠಾಣೆಯಿಂದ ಒಬ್ಬ ಬಂದು ಹೇಳಿದ: ದೂರದ ಒಂದು ನಗರದಲ್ಲಿ ಕಟ್ಟಡಕ್ಕೆ ಕೆಲಸದವರು ನಿಲ್ಲಲು ಕಟ್ಟಿದ್ದ ಸಾರುವೆ ಕುಸಿದಿದೆ, ಸತ್ತವರಲ್ಲೊಬ್ಬ ಬಣ್ಣದ ಕೆಲಸದವನು, ನಿಮ್ಮ ಕಡೆಯವನೆಂದು ಅಲ್ಲಿನವರು ಹೇಳುತ್ತಾರೆ, ಬಂದು ನೋಡಿ. ಅಮ್ಮನಿಗೆ ಜ್ವರ. ದೊಡ್ಡಪ್ಪ, ನಾನು ಬಸ್ಸು ಹತ್ತಿದೆವು.

ಆಸ್ಪತ್ರೆಯ ಶವಾಗಾರದೊಳಕ್ಕೆ ನನ್ನನ್ನು ಬಿಡಲಿಲ್ಲ. ಹೊರಗಿನ ಬೆಂಚಿನಲ್ಲಿ ಕೂತು ಉಗುರು ಕಚ್ಚುತ್ತಿದ್ದೆ. ದೊಡ್ಡಪ್ಪ ಬಹಳ ಹೊತ್ತಾದ ಮೇಲೆ ಕನ್ನಡಕ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ನಮ್ಮೋನಲ್ಲ."

"ಸರಿಯಾಗಿ ನೋಡಿದ್ರಾ ದೊಡ್ಡಪ್ಪ?"

"ಮುಖ ಊದಿದೆ. ಆದ್ರೆ ಗಲ್ಲ ನೆಟ್ಟಗಿದೆ. ಮಚ್ಚೆ ಇಲ್ಲ. ನಮ್ಮೋನಲ್ಲ."

ಅಯ್ಯೋ, ಆ ಸಂತೋಷವನ್ನು ಏನೆಂದು ಹೇಳಲಿ! ಬಸ್ ನಿಲ್ದಾಣದ ಎದುರು ಹೋಟೆಲಿನಲ್ಲಿ ಬಡಿಸಿದವನೇ ಬೆರಗಾಗುವಷ್ಟು ಉಂಡೆ. ದೊಡ್ಡಪ್ಪ ನೀರು ಮಾತ್ರ ಕುಡಿದರು. ಬಸ್ಸಿನಲ್ಲಿ ನಾನು ಚಪ್ಪಲಿ ಬಿಟ್ಟು ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು ಕೂತಿದ್ದೆ. ಅವರು ಹೆಗಲ ಟವೆಲನ್ನು ತೆಗೆದು ನನ್ನ ಪಾದದ ಮೇಲೆ ಹೊದಿಸಿದರು. "ಸೆಕೆ ದೊಡ್ಡಪ್ಪ," ಎಂದೆ. "ಇರಲಿ, ಗಾಳಿ ಬೀಸ್ತಿದೆ," ಎಂದು ಕಿಟಕಿಯ ಕಡೆ ತಿರುಗಿಕೊಂಡರು. ಆಮೇಲಿನ ತಿಂಗಳು ನನಗೆ ಬೆರಳು ಮುಚ್ಚುವ ಬೂಟು ತಂದುಕೊಟ್ಟರು. ಎಷ್ಟು ಪ್ರೀತಿ ನನ್ನ ಮೇಲೆ ಎಂದು ಬೀಗಿದ್ದೆ, ಪೆದ್ದಿ ನಾನು.

ನಮ್ಮವನಲ್ಲ ಎಂದ ಮೇಲೆ ನಮ್ಮವನು ಬದುಕಿದ್ದಾನೆ ಎಂದಾಯಿತು. ಅಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ನಾವಿದ್ದದ್ದು ಬಾಡಿಗೆಯ ಹಳೇ ಮನೆ, ಗೋಡೆಗಳು ನೀರು ಕುಡಿದು ಬೂಸಲು ಹಿಡಿದಿದ್ದವು. ಕೆಮ್ಮು ಅಮ್ಮನ ಎದೆಯಲ್ಲಿ ಮನೆ ಮಾಡಿತು. ಈ ಮನೆ ಬಿಡದಿದ್ದರೆ ಶ್ವಾಸಕೋಶ ಉಳಿಯುವುದಿಲ್ಲ ಎಂದು ಡಾಕ್ಟರು ಬೈದೇ ಹೇಳಿದರು. ನಾನು ಬೇರೆ ಮನೆ ನೋಡಿ ಬಂದೆ, ಒಂದಲ್ಲ, ಹತ್ತಾರು. ಅಮ್ಮನದು ಒಂದೇ ಮಾತು: "ನಿಮ್ಮಪ್ಪಂಗೆ ಗೊತ್ತಿರೋದು ಈ ಬಾಗ್ಲು ಒಂದೇ. ಬಂದು ತಟ್ಟಿದಾಗ ಬೇರೆ ಯಾರೋ ತೆಗೆದ್ರೆ?" ದೊಡ್ಡಪ್ಪ ಅದನ್ನೆಲ್ಲ ಕೇಳಿಸಿಕೊಳ್ಳುತ್ತ ಬೇಳೆ ಆರಿಸುತ್ತಿದ್ದರು. ತಲೆ ಎತ್ತುತ್ತಿರಲಿಲ್ಲ.

ಹೀಗೇ ವರ್ಷಗಳು ಉರುಳಿದವು. ಹೋದ ಬೇಸಿಗೆಯ ಒಂದು ಬೆಳಿಗ್ಗೆ ಕುಂಟುತ್ತ ಒಬ್ಬ ಗಾರೆ ಕೆಲಸದವನು ನಮ್ಮ ಮನೆ ಹುಡುಕಿಕೊಂಡು ಬಂದ. ಅಪ್ಪನ ಜೊತೆ ಕೆಲಸ ಮಾಡಿದವನಂತೆ. ಅದೇ ಸಾರುವೆಯಿಂದ ಬಿದ್ದು ಸೊಂಟ ಮುರಿದು ತಿಂಗಳುಗಟ್ಟಲೆ ಎಚ್ಚರವಿಲ್ಲದೆ ಮಲಗಿದ್ದನಂತೆ.

"ಈ ಕಡೆ ಬಂದಿದ್ದೆ. ನಿಮ್ಮನ್ನ ಮಾತಾಡಿಸ್ಕೊಂಡು ಹೋಗೋಣ ಅನ್ನಿಸ್ತು. ಕಳೇಬರ ನೀವೇ ತಗೊಂಡು ಹೋದ್ರಿ ತಾನೇ?"

"ಅದು ನಮ್ಮಪ್ಪ ಅಲ್ಲ. ಅವನ ಗಲ್ಲದಲ್ಲಿ ಮಚ್ಚೆ ಇತ್ತು. ಆ ಹೆಣಕ್ಕೆ ಇರಲಿಲ್ಲ."

"ಮಚ್ಚೇನಾ? ಕ್ಷೌರ ಮಾಡ್ಕೊಳ್ವಾಗ ಬ್ಲೇಡ್ ತಾಗಿ ಕೀವು ತುಂಬಿತ್ತಲ್ಲಮ್ಮ. ಡಾಕ್ಟ್ರು ಕಿತ್ತು ಹಾಕಿದ್ರು. ಅವನು ಸಾಯೋ ಹೊತ್ತಿಗೆ ಅದು ಹೋಗಿ ಎರಡು ವರ್ಷ ಆಗಿತ್ತು. ಕುಡಿಯೋದನ್ನೂ ಬಿಟ್ಟಿದ್ದ. ಇನ್ನು ಊರಿಗೆ ಹೋಗ್ಬಹುದು, ಅಣ್ಣಂಗೆ ಮುಖ ತೋರಿಸ್ಬಹುದು ಅಂತಿದ್ದ."

ಒಳಕೋಣೆಯಲ್ಲಿ ಅಮ್ಮನ ಕೆಮ್ಮು ನಿಂತಿತ್ತು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ನಾನು ಸೀದಾ ಮ್ಯೂಸಿಯಂಗೆ ನುಗ್ಗಿದೆ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ದೊಡ್ಡಪ್ಪ ದೀಪದ ಕೆಳಗೆ ಯಾವುದೋ ಚಿಟ್ಟೆಯ ರೆಕ್ಕೆ ಹರಡುತ್ತಿದ್ದರು. ಗಾರೆಯವನು ಹೇಳಿದ್ದನ್ನು ಹೇಳಿದೆ. ಅವರು ಬೆಚ್ಚಲಿಲ್ಲ. ಚಿಮಟವನ್ನು ಕೆಳಗಿಟ್ಟರು.

"ಕಾಲು ನೋಡಿದ್ದೆ ಪುಟ್ಟಿ," ಎಂದರು.

"ಏನಂದ್ರಿ?"

"ಹೊದಿಕೆ ಚಿಕ್ಕದು. ಪಾದ ಹೊರಗೇ ಇತ್ತು. ಒಳಗೆ ಹೋಗ್ತಿದ್ದ ಹಾಗೆ ಕಂಡಿದ್ದೇ ಆ ಅಂಟಿದ ಬೆರಳು. ಆಮೇಲೆ ಗಲ್ಲ ನೋಡ್ದೆ. ಮಚ್ಚೆ ಇರಲಿಲ್ಲ. ಅದನ್ನೇ ಹಿಡ್ಕೊಂಡೆ. ಮಚ್ಚೆ ಇಲ್ಲ, ಇವನಲ್ಲ, ಇವನಲ್ಲ ಅಂತ ಅಲ್ಲೇ ನಿಂತು ಹೇಳ್ಕೊಂಡೆ. ಹೊರಗೆ ಬರೋ ಹೊತ್ತಿಗೆ ನನಗೇ ನಂಬಿಕೆ ಬಂದಿತ್ತು. ಬಸ್ಸಲ್ಲಿ ನಿನ್ನ ಕಾಲು ನೋಡಿದ ಮೇಲೆ ಅದೂ ಹೋಯ್ತು."

"ಅಂಗೈ ಹುಣ್ಣಿಗೆ ಕನ್ನಡಿ ಹಿಡಿದ್ರಲ್ಲ ದೊಡ್ಡಪ್ಪ! ಅಮ್ಮ ಆ ಮನೇಲಿ ರಕ್ತ ಕೆಮ್ಮಿದ್ಲು. ಆಗಲೂ ಬಾಯಿ ಬಿಡಲಿಲ್ವಲ್ಲ ನೀವು?"

"ಕರ್ಕೊಂಡು ಬರ್ತೀನಿ ಅಂದಿದ್ದೆ," ಎಂದರು. "ಹೊಡೆದು ಕಳಿಸಿದೋನು ನಾನು. ಹೆಣ ತಂದು ಅವಳ ಮುಂದೆ ಹ್ಯಾಗೆ ಇಳಿಸ್ಲಿ?"

ನನಗೆ ಅವರ ಡ್ರಾಯರುಗಳನ್ನೆಲ್ಲ ಎಳೆದು ನೆಲಕ್ಕೆ ಬಡಿಯಬೇಕೆನಿಸಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ದೊಡ್ಡಪ್ಪ ತಪ್ಪಿಸಿಕೊಂಡರು, ದೊಣ್ಣೆ ಅಮ್ಮನ ಬೆನ್ನಿಗೆ ಬಿತ್ತು. ಆದರೂ ಅವರು ಮೇಜಿನ ಅಂಚು ಹಿಡಿದುಕೊಂಡು ಮಗುವಿನ ಹಾಗೆ ಅಳತೊಡಗಿದಾಗ ನನಗೂ ಅಳು ಬಂತು. ಅವರ ಮೇಲಿನ ಸಿಟ್ಟು ಮಾತ್ರ ಆ ಅಳುವಿನಲ್ಲಿ ಹೋಗಲಿಲ್ಲ.

ಅಮ್ಮ ಬೈಯಲಿಲ್ಲ. "ಎಲ್ಲಿ ಹಾಕಿದಾರೆ, ತೋರಿಸಿ ಭಾವ," ಎಂದಳು, ಅಷ್ಟೇ.

ಮೂವರೂ ಆ ನಗರಕ್ಕೆ ಹೋದೆವು. ವಾರಸುದಾರರಿಲ್ಲದ ಹೆಣಗಳನ್ನು ಹೂಳುವ ಜಾಗ ಊರಾಚೆ, ಒಂದು ಮುರುಕು ಗೋಡೆಯ ಹಿಂದೆ. ಬೇಲಿ ಪೊದೆಯಿಂದ ಪೊದೆಗೆ ಒಣ ಎಲೆಯಂಥ ಕಂದು ಚಿಟ್ಟೆಗಳು ಹಾರಿ ಕೂರುತ್ತಿದ್ದವು. ದೊಡ್ಡಪ್ಪ ಅವುಗಳ ಕಡೆ ನೋಡಲಿಲ್ಲ. ಗುಂಡಿ ತೋಡುವವನು ಗುದ್ದಲಿಯಿಂದ ತೋರಿಸಿದ.

"ಆ ವರ್ಷದ್ದೆಲ್ಲ ಈ ಸಾಲಲ್ಲಿದೆ. ಒಂದೊಂದಕ್ಕೂ ಗೂಟ ಹೊಡೆದಿದ್ವಿ. ಗೆದ್ದಲು ತಿಂದ್ಬಿಡ್ತು."

ಸಾಲಿನುದ್ದಕ್ಕೂ ಒಂದೇ ಎತ್ತರದ ಮಣ್ಣಿನ ಗುಡ್ಡೆಗಳು, ಒಂದೇ ಬಗೆಯ ಒಣ ಹುಲ್ಲು.

"ಯಾವ್ದು ಭಾವ?" ಎಂದಳು ಅಮ್ಮ.

ದೊಡ್ಡಪ್ಪ ಬಾಗಿದರು. ಒಂದು ಗುಡ್ಡೆಯ ಹತ್ತಿರ ಮಂಡಿಯೂರಿ ಹುಲ್ಲು ಸರಿಸಿದರು, ಎದ್ದು ಇನ್ನೊಂದಕ್ಕೆ ಹೋದರು, ಮತ್ತೆ ಮೊದಲಿನದಕ್ಕೆ ಬಂದರು. ರೂಢಿಯಂತೆ ಕೈ ಜೇಬಿನಲ್ಲಿದ್ದ ಭೂತಗನ್ನಡಿಗೆ ಹೋಯಿತು, ಅದನ್ನು ಹೊರಗೆ ತೆಗೆಯದೆ ಹಾಗೇ ನಿಂತರು.

"ಎಲ್ಲಾ ಒಂದೇ ಥರ ಇದೆ ತಾಯಿ. ನನಗೆ ಗೊತ್ತಾಗ್ತಿಲ್ಲ."

ಅಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡು ಕೆಮ್ಮಿದಳು. ಸುಧಾರಿಸಿಕೊಂಡು ನನ್ನ ಕಡೆ ತಿರುಗಿದಳು.

"ಬೂಟು ಬಿಚ್ಚೇ. ಈ ತುದಿಯಿಂದ ಆ ತುದಿ ತನಕ ಬರಿಗಾಲಲ್ಲಿ ನಡಿ. ನಮಗೆ ಗೊತ್ತಾಗ್ದಿದ್ರೆ ಹೋಗ್ಲಿ. ನಿಮ್ಮಪ್ಪಂಗಾದ್ರೂ ಗೊತ್ತಾಗ್ಲಿ, ಬಂದಿರೋದು ನಾವು ಅಂತ."

ಬೂಟು ಬಿಚ್ಚಿದೆ. ಮಣ್ಣು ಕಾದಿತ್ತು. ನಾನು ನಡೆದೆ, ಪ್ರತಿ ಗುಡ್ಡೆಯ ಹತ್ತಿರವೂ ನಿಂತು ನಿಂತು. ಸಾಲಿನ ಕೊನೆ ಮುಟ್ಟಿ ತಿರುಗಿ ನೋಡಿದಾಗ ದೊಡ್ಡಪ್ಪ ನನ್ನ ಕಾಲನ್ನೇ ನೋಡುತ್ತಿದ್ದರು.